ಕ್ಯಾಬಿನ್ ಅವ್ರೇ ಕೊಡ್ಲಿ ಅಂತ ಬಿಟ್ರೆ ಫ್ರೀ ಅಪ್‌ಗ್ರೇಡ್ ಆಗುತ್ತಂತೆ, ನಿಜಾನಾ?

ಪ್ರಶ್ನೆ: ಸಿಂಗಾಪುರದಿಂದ ಹೊರಡೋ ಕ್ರೂಸ್ ಬುಕ್ ಮಾಡ್ತಿದೀವಿ. ನಾವಿಬ್ರು, ಮಗ, ಅತ್ತೆ-ಮಾವ. ಎರಡು ಗ್ಯಾರಂಟಿ ಕ್ಯಾಬಿನ್ (ಕೆಟಗರಿ ಮಾತ್ರ ನಾವು ಆರಿಸೋದು, ಯಾವ ರೂಮ್ ಅಂತ ಕಂಪನಿನೇ ಕೊಡೋದು) ತಗೊಂಡ್ರೆ ರೇಟೂ ಕಡಿಮೆ, ಫ್ರೀಯಾಗಿ ಬಾಲ್ಕನಿಗೆ ಅಪ್‌ಗ್ರೇಡೂ ಆಗುತ್ತೆ ಅಂತಾರೆ ಏಜೆಂಟ್. ತಗೋಬಹುದಾ?

ಸ್ಕೂಲ್ ರಜಾ ಹತ್ರ ಬಂದಾಗೆಲ್ಲ ಈ ಪ್ರಶ್ನೆ ಬರುತ್ತೆ, ನಾನೂ ಪ್ರತಿ ಸಲ ಎರಡು ಸಾಲಲ್ಲಿ ಉತ್ತರ ಕೊಡ್ತೀನಿ, ಮತ್ತೆ ಅದೇ ಪ್ರಶ್ನೆ. ಈ ಸಲ ಪೂರ್ತಿ ಬರೀತೀನಿ, ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಕಳಿಸ್ತೀನಿ.

ನಿಮ್ಮ ವಿಷ್ಯದಲ್ಲಿ ಬೇಡ. ಎರಡು ರೂಮ್ ಬೇಕು, ವಯಸ್ಸಾದೋರು ಜೊತೆಗಿದಾರೆ, ಇಷ್ಟೇ ಸಾಕು. ಎರಡು ಬುಕಿಂಗ್ ಲಿಂಕ್ ಮಾಡಿಸಿದೀನಿ ಅಂತ ಏಜೆಂಟ್ ಹೇಳ್ಬಹುದು, ಆದ್ರೆ ಅಕ್ಕಪಕ್ಕದ ರೂಮೇ ಕೊಡ್ತೀವಿ ಅಂತ ಕಂಪನಿ ಎಲ್ಲೂ ಬರ್ಕೊಡಲ್ಲ. ನೀವು ಮುಂದಿನ ತುದಿ ಆರನೇ ಡೆಕ್, ಅವ್ರು ಹಿಂದಿನ ತುದಿ ಹನ್ನೊಂದನೇ ಡೆಕ್ ಅಂತಾದ್ರೆ? ಸಿಂಗಾಪುರದಿಂದ ಹೊರಡೋ ದೊಡ್ಡ ಹಡಗುಗಳು 300 ಮೀಟರ್‌ಗಿಂತ ಉದ್ದ ಇರ್ತವೆ, ಮಂಡಿನೋವಿರೋ ಅತ್ತೆ ದಿನಕ್ಕೆ ನಾಲ್ಕು ಸಲ ಆ ಕಾರಿಡಾರ್ ನಡೀಬೇಕು.

ಈಗ ಆ ಅಪ್‌ಗ್ರೇಡ್ ಕಥೆಗೆ ಬರೋಣ. ನನಗೆ ನಿಜವಾಗ್ಲೂ ಬೇಜಾರಾಗೋದು ಇದೇ, ಯಾಕಂದ್ರೆ ಜನ ಇದನ್ನ ನಂಬಿ ದುಡ್ಡು ಕಟ್ತಾರೆ. ಗ್ಯಾರಂಟಿ ಅಂದ್ರೆ ನೀವು ದುಡ್ಡು ಕೊಟ್ಟ ಕೆಟಗರಿಗಿಂತ ಕೆಳಗಿನದ್ದು ಕೊಡಲ್ಲ ಅಂತ ಮಾತ್ರ. ಇನ್‌ಸೈಡ್‌ಗೆ, ಅಂದ್ರೆ ಕಿಟಕಿ ಇಲ್ಲದ ಒಳಗಿನ ರೂಮಿಗೆ, ಕಟ್ಟಿದ್ರೆ ಕನಿಷ್ಠ ಇನ್‌ಸೈಡ್, ಅಷ್ಟೇ. ಯಾವ ಡೆಕ್, ಮುಂದೋ ಹಿಂದೋ, ಲಿಫ್ಟ್ ಪಕ್ಕಾನೋ, ಯಾವುದೂ ನಿಮ್ಮ ಕೈಲಿರಲ್ಲ. ರೂಮ್ ನಂಬರ್, ಬುಕ್ ಮಾಡಿದ ವಾರಕ್ಕೂ ಬರ್ಬಹುದು, ಹೊರಡೋಕೆ ನಾಲ್ಕು ದಿನ ಇದ್ದಾಗಲೂ ಬರ್ಬಹುದು. ಬಂದ್ಮೇಲೆ ಇಷ್ಟ ಆಗ್ಲಿಲ್ಲ, ಚೇಂಜ್ ಮಾಡಿ ಅಂದ್ರೆ ಸಾಮಾನ್ಯವಾಗಿ ಮಾಡಲ್ಲ, ಹಡಗು ತುಂಬಿದ್ರಂತೂ ಮಾಡೋಕೇ ಆಗಲ್ಲ.

ಕಂಪನಿ ಕಡೆಯಿಂದ ಯೋಚ್ನೆ ಮಾಡಿ. ಅವ್ರು ಈ ರೇಟ್ ಇಡೋದು ಯಾಕೆ? ಡೆಕ್ ಪ್ಲ್ಯಾನ್ ನೋಡಿ ಆರಿಸೋರು ಒಳ್ಳೇ ರೂಮೆಲ್ಲ ಮೊದ್ಲೇ ತಗೊಂಡಿರ್ತಾರೆ, ಉಳಿಯೋದನ್ನ ತುಂಬಿಸ್ಬೇಕಲ್ಲ. ಹಾಗಿದ್ಮೇಲೆ ನಿಮಗೆ ಸಿಗೋದು ಹೆಚ್ಚಾಗಿ ಬೇರೆಯವ್ರು ಬಿಟ್ಟಿದ್ದೇ. ಮೊದ್ಲೆಲ್ಲ ಮೇಲಿನ ಕೆಟಗರಿ ಖಾಲಿ ಉಳಿದ್ರೆ ಕೆಳಗಿನೋರನ್ನ ಫ್ರೀಯಾಗಿ ಮೇಲಕ್ಕೆ ಹಾಕ್ತಿದ್ರು ನಿಜ, ಈ ಕಥೆ ಹುಟ್ಟಿದ್ದೂ ಅಲ್ಲೇ. ಈಗ ಆ ಖಾಲಿ ರೂಮನ್ನೇ ಮಾರ್ತಾರೆ. ರಾಯಲ್ ಕೆರಿಬಿಯನ್ ಅನ್ನೋ ಕ್ರೂಸ್ ಕಂಪನಿಯಲ್ಲಿ ರಾಯಲ್‌ಅಪ್ ಅಂತ ಇದೆ, ನಾರ್ವೇಜಿಯನ್‌ನಲ್ಲಿ ಅಪ್‌ಗ್ರೇಡ್ ಅಡ್ವಾಂಟೇಜ್ ಅಂತ ಇದೆ, ಬುಕ್ ಮಾಡಿದೋರಿಗೇ ಮೇಲ್ ಬರುತ್ತೆ, ಇಷ್ಟು ಕೊಡ್ತೀನಿ ಅಂತ ಬಿಡ್ ಹಾಕಿ ಅಂತ. ದುಡ್ಡು ಕೊಟ್ಟು ಬಾಲ್ಕನಿ ತಗೊಳ್ಳೋಕೆ ಇಷ್ಟು ಜನ ಕ್ಯೂನಲ್ಲಿರುವಾಗ ನಿಮಗೆ ಫ್ರೀಯಾಗಿ ಯಾಕೆ ಕೊಡ್ತಾರೆ ಹೇಳಿ? ಹನಿಮೂನು, ಆ್ಯನಿವರ್ಸರಿ ಅಂತ ಹೇಳ್ಕೊಂಡ್ರೂ ಅಷ್ಟೇ. ಯಾರಿಗೂ ಆಗೋದೇ ಇಲ್ಲ ಅಂತಲ್ಲ, ಆಗುತ್ತೆ, ಆದವ್ರು ಊರಿಗೆಲ್ಲ ಹೇಳ್ತಾರೆ, ಆಗದೋರು ಸುಮ್ನಿರ್ತಾರೆ.

ಇನ್ನೊಂದು ವಿಷ್ಯ, ಅಪ್‌ಗ್ರೇಡ್ ಆದ್ರೆ ಒಳ್ಳೇದೇ ಆಗ್ಬೇಕು ಅಂತೇನಿಲ್ಲ. ಇನ್‌ಸೈಡ್‌ಗೆ ಕಟ್ಟಿದೋರಿಗೆ ಓಷನ್ ವ್ಯೂ (ಸಮುದ್ರದ ಕಡೆ ಕಿಟಕಿ ಇರೋ ರೂಮ್) ಸಿಕ್ತು ಅಂದ್ಕೊಳಿ, ಕರ್ಟನ್ ಸರಿಸಿದ್ರೆ ಕಿಟಕಿ ತುಂಬ ಲೈಫ್‌ಬೋಟು, ಮೇಲೆ ಒಂದು ಗೇಣು ಆಕಾಶ. ಕಂಪನಿ ಲೆಕ್ಕದಲ್ಲಿ ಅದೂ ಮೇಲಿನ ಕೆಟಗರೀನೇ, ಕಂಪ್ಲೇಂಟ್ ಮಾಡೋ ಹಾಗಿಲ್ಲ. ಸ್ವಿಮ್ಮಿಂಗ್ ಪೂಲ್ ಡೆಕ್ ಕೆಳಗಿನ ರೂಮ್ ಆದ್ರೆ ಬೆಳಕು ಹರಿಯೋ ಮೊದ್ಲೇ ತಲೆ ಮೇಲೆ ಚೇರು ಎಳೆಯೋ ಸದ್ದು. ನಮ್ಮ ಮುಂಬೈನಿಂದ ಹೊರಡೋ ಕಾರ್ಡೀಲಿಯಾದವ್ರ ಎಂಪ್ರೆಸ್ ಹಡಗು ತಗೊಳ್ಳಿ, 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಅನ್ನೋ ಹೆಸರಲ್ಲಿ ಇಳಿದ ಹಡಗು ಅದು, ಆ ಕಾಲದ ಹಡಗಲ್ಲಿ ಬಾಲ್ಕನಿ ಇರೋ ರೂಮುಗಳೇ ಕಡಿಮೆ, ಬಾಲ್ಕನಿ ಆಸೆ ಇಟ್ಕೊಳ್ಳೋದೇ ವ್ಯರ್ಥ. ಲಕ್ಷದ್ವೀಪದ ಟ್ರಿಪ್ಪಲ್ಲಿ ಹಡಗು ದೂರದಲ್ಲೇ ಲಂಗರು ಹಾಕಿ ಜನರನ್ನ ಸಣ್ಣ ಬೋಟಲ್ಲಿ ಕರ್ಕೊಂಡು ಹೋಗ್ತಾರೆ, ಯಾವ ಹಡಗಾದ್ರೂ ಸರಿ ಮೂತಿ ಕಡೆ ಕೆಳಗಿನ ರೂಮಲ್ಲಿ ಮಲಗಿದೋರಿಗೆ ಆ ಸರಪಳಿ ಗಡಗಡ ಅಂತ ಇಳಿಯೋದು ಹಾಸಿಗೆವರೆಗೂ ಕೇಳ್ಸುತ್ತೆ.

ಹಾಗಾದ್ರೆ ಗ್ಯಾರಂಟಿ ಯಾರಿಗೆ ಸರಿ? ಇಬ್ರೇ ಹೋಗ್ತಿದೀರ, ಎಲ್ಲಿ ಮಲಗಿದ್ರೂ ನಿದ್ದೆ ಬರುತ್ತೆ, ರೂಮಿಗೆ ಬರೋದು ಸ್ನಾನಕ್ಕೆ, ಮಲಗೋಕೆ ಅಷ್ಟೇ ಅಂದ್ರೆ ಧಾರಾಳವಾಗಿ ತಗೊಳ್ಳಿ. ಆದ್ರೆ ಇನ್‌ಸೈಡ್ ಅಥವಾ ಬಾಲ್ಕನಿಯಲ್ಲಿ ತಗೊಳ್ಳಿ, ಓಷನ್ ವ್ಯೂನಲ್ಲಿ ಬೇಡ, ಲೈಫ್‌ಬೋಟ್ ಕಾಟ ಜಾಸ್ತಿ ಅಲ್ಲೇ. ಇನ್‌ಸೈಡಲ್ಲಿ ಕಿಟಕೀನೇ ಇಲ್ಲ, ಕಳ್ಕೊಳ್ಳೋಕೆ ಏನಿದೆ. ಅದೇ ತಾರೀಖಿಗೆ, ಅದೇ ಕೆಟಗರಿಗೆ ನೀವೇ ಆರಿಸಿದ್ರೆ ಎಷ್ಟು ಅಂತ ಟ್ಯಾಕ್ಸು, ಟಿಪ್ಸು ಎಲ್ಲ ಸೇರಿಸಿ ಕೇಳಿ, ವ್ಯತ್ಯಾಸ ಒಂದು ಹೊತ್ತಿನ ಹೋಟೆಲ್ ಊಟದಷ್ಟೇ ಇದ್ರೆ ಆರಿಸ್ಕೊಳ್ಳೋದೇ ವಾಸಿ. ಮೂರು ಜನ ಒಂದು ರೂಮಲ್ಲಿ ಅಂದ್ರೆ ಮೂರನೇ ಹಾಸಿಗೆ ಗೋಡೆಯಿಂದ ಇಳಿಸೋ ಮೇಲಿನ ಬರ್ತ್ ಇರ್ಬಹುದು, ಮಗ ಹತ್ತಿ ಮಲಗ್ತಾನಾ ನೋಡ್ಕೊಳ್ಳಿ.

ನೀವು ಕೇಳಿಲ್ಲ, ಆದ್ರೂ ಹೇಳ್ಲೇಬೇಕು: ವಾಂತಿ. ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಲ್ಲಿ ಕೂತೋರಿಗೇ ಯಾಕೆ ಜಾಸ್ತಿ ಆಗುತ್ತೋ ಹಡಗಲ್ಲೂ ಹಾಗೇ, ಎರಡು ತುದಿ ಏರಿಳಿಯುತ್ತೆ, ನಡುವೆ ಕಡಿಮೆ. ಮೇಲಕ್ಕೆ ಹೋದಷ್ಟೂ ಪಕ್ಕಕ್ಕೆ ವಾಲೋದು ಜಾಸ್ತಿ. ಅದಕ್ಕೆ ಬಸ್ಸಲ್ಲೇ ತಲೆ ತಿರುಗೋರು ನಡುಭಾಗದಲ್ಲಿ ಕೆಳಗಿನ ಡೆಕ್ ಆರಿಸಿ, ದುಬಾರಿ ಮೇಲಿನ ಡೆಕ್ ಬೇಡ. ಜೂನ್‌ನಿಂದ ಸೆಪ್ಟೆಂಬರ್ ಅರಬ್ಬಿ ಸಮುದ್ರ ಒರಟು, ಆಗ ಮುಂಬೈ-ಗೋವಾ ಕಡೆ ಪ್ಲ್ಯಾನ್ ಹಾಕ್ಬೇಡಿ. ಅವೋಮಿನ್ ಥರದ ಮಾತ್ರೆ ತಗೊಳ್ಳೋರು ಹೊಟ್ಟೆ ತೊಳಸೋಕೆ ಶುರುವಾದ್ಮೇಲೆ ನುಂಗಿದ್ರೆ ಅಷ್ಟು ಉಪಯೋಗ ಇಲ್ಲ, ಹೊರಡೋ ಮುಂಚೆನೇ ತಗೋಬೇಕು, ನಿದ್ದೆ ಬರುತ್ತೆ ಅನ್ನೋದೂ ಗೊತ್ತಿರ್ಲಿ. ನಿಮ್ಮ ಮಾವನಿಗೆ ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದ್ರೆ ಇದ್ರೆ ಡಾಕ್ಟರನ್ನ ಕೇಳದೆ ಕೊಡ್ಬೇಡಿ.