ಬಿಲ್ಲು ಹಿಡಿದು ಕರಡಿ ಬೇಟೆ: ಅಪಾಯ ಎಲ್ಲಿದೆ, ಸಲಕರಣೆ ಏಕೆ ಹಾಗಿದೆ

ಅಮೆರಿಕದ ಅಲಾಸ್ಕದಲ್ಲಿ ಕಂದು ಕರಡಿಯನ್ನು ಬಿಲ್ಲಿನಿಂದ ಬೇಟೆಯಾಡಲು ಕಾನೂನು ಒಪ್ಪುತ್ತದೆ. (ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕರಡಿ ಬೇಟೆ ಅಪರಾಧ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಅಲ್ಲಿಯ ಮಾತು.) ಸಲಕರಣೆಗಳ ಪಟ್ಟಿ ಸುಮ್ನೆ ಬಾಯಿಪಾಠ ಮಾಡಬೇಡಿ. ಮೊದಲು ಇದು ಅರ್ಥವಾಗಲಿ: ಬಾಣ ಕರಡಿಯನ್ನು ಕೊಲ್ಲಬಲ್ಲದು, ಆದರೆ ನಿಂತಲ್ಲೇ ತಡೆಯಲಾರದು.

ದೊಡ್ಡ ರೈಫಲ್ ಗುಂಡು ಮೂಳೆ ಮುರಿದು ಪ್ರಾಣಿಯನ್ನು ಅಲ್ಲೇ ಕೆಡವಬಲ್ಲದು. ಬಾಣ ಕೆಲಸ ಮಾಡುವುದು ಕೊಯ್ದು. ರಕ್ತ ಸೋರಿ, ಶ್ವಾಸಕೋಶ ಕುಸಿದು ಪ್ರಾಣಿ ಸಾಯುತ್ತದೆ. ಎರಡೂ ಶ್ವಾಸಕೋಶ ತೂತಾದರೂ ಹಲವು ಸೆಕೆಂಡು ಓಡುವ ಶಕ್ತಿ ಉಳಿದಿರುತ್ತದೆ. ಕರಡಿ ಗಂಟೆಗೆ ಸುಮಾರು 55 ಕಿ.ಮೀ. ವೇಗದಲ್ಲಿ ಓಡಬಲ್ಲದು. ಬಿಲ್ಲುಗಾರ 20 ಮೀಟರ್ ದೂರದಲ್ಲಿದ್ದರೆ ಅವನನ್ನು ತಲುಪಲು ಅದಕ್ಕೆ ಒಂದೂವರೆ ಸೆಕೆಂಡೂ ಬೇಡ. ಇನ್ನೊಂದು ಬಾಣ ಹೂಡಲು ಸಮಯ ಎಲ್ಲಿದೆ, ಅಲ್ವಾ? ಅದಕ್ಕೇ ಪಕ್ಕದಲ್ಲಿ ರೈಫಲ್ ಹಿಡಿದ ಅನುಭವಿ ಒಬ್ಬರು ಇರಲೇಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅಲಾಸ್ಕಕ್ಕೆ ಬರುವ ಹೊರರಾಜ್ಯದವರು ಕಂದು ಕರಡಿ ಬೇಟೆಗೆ ಪರವಾನಗಿ ಪಡೆದ ಗೈಡ್ ಅಥವಾ ಅಲ್ಲೇ ನೆಲೆಸಿರುವ ಹತ್ತಿರದ ಸಂಬಂಧಿಕರ ಜೊತೆಗೇ ಹೋಗಬೇಕೆಂಬ ನಿಯಮವೂ ಇದೆ.

ಬಿಲ್ಲಿನ ವಿಷಯ. ಕಂದು ಕರಡಿಗೆ ಅಲಾಸ್ಕದ ನಿಯಮ ಕೇಳುವುದು ಕನಿಷ್ಠ 50 ಪೌಂಡ್ ಎಳೆತ. ಅಂದರೆ ಹೆದೆ ಎಳೆಯಲು ಸುಮಾರು 23 ಕಿಲೋ ಬಲ ಬೇಕು. ಬಾಣ ಕನಿಷ್ಠ 20 ಇಂಚು ಉದ್ದ, 300 ಗ್ರೇನ್ ತೂಕ ಇರಬೇಕು; ಅದು ಸುಮಾರು 19 ಗ್ರಾಂ. ಇದು ಕನಿಷ್ಠ ಮಿತಿ, ಸಾಕಷ್ಟು ಎಂದು ಓದಿಕೊಳ್ಳಬೇಡಿ. ಭಾರದ ಬಾಣ ನಿಧಾನ, ಆದರೆ ಜಾಸ್ತಿ ಆಳಕ್ಕೆ ಇಳಿಯುತ್ತದೆ. ಬಾಣದ ತುದಿಯಲ್ಲಿ ಕೊಯ್ಯುವ ಅಲಗು ಇರುತ್ತದೆ. ತಗುಲಿದ ಮೇಲೆ ಬಿಚ್ಚಿಕೊಳ್ಳುವ ಅಲಗು, ಬಿಚ್ಚಿಕೊಳ್ಳುವುದರಲ್ಲೇ ಒಂದಿಷ್ಟು ಬಲ ಕಳೆದುಕೊಳ್ಳುತ್ತದೆ. ದಪ್ಪ ಚರ್ಮ, ಕೊಬ್ಬು ದಾಟಬೇಕಾದಲ್ಲಿ ಗಟ್ಟಿಯಾಗಿ ಕೂರಿಸಿದ ಅಲಗೇ ಮೇಲು. ಎಲ್ಲಕ್ಕಿಂತ ಮುಖ್ಯ ಹರಿತ. ಮೊಂಡು ಅಲಗು ರಕ್ತನಾಳವನ್ನು ಕೊಯ್ಯದೆ ಪಕ್ಕಕ್ಕೆ ಸರಿಸಿಬಿಡಬಹುದು.

ಕರಡಿ ಅಡ್ಡಲಾಗಿ ನಿಂತಾಗ, ಇಲ್ಲವೇ ತುಸು ಆಚೆ ತಿರುಗಿದಾಗ ಮಾತ್ರ ಹೊಡೆಯಬೇಕು. ಎದುರಿನಿಂದ ಹೊಡೆದರೆ ಎದೆಮೂಳೆ, ಭುಜದ ಮೂಳೆ ಅಡ್ಡ ಬರುತ್ತವೆ.

ನಿಜವಾದ ಅಪಾಯ ಹೊಡೆದ ನಂತರ ಶುರುವಾಗುತ್ತದೆ. ಜಿಂಕೆಗೆ ಬಾಣ ನೆಟ್ಟರೆ ರಕ್ತದ ಜಾಡು ಸಿಗುತ್ತದೆ. ಕರಡಿಯಲ್ಲಿ ಕೊಬ್ಬು ಗಾಯವನ್ನು ಮುಚ್ಚುತ್ತದೆ, ದಟ್ಟ ಕೂದಲು ರಕ್ತ ಹೀರಿಕೊಳ್ಳುತ್ತದೆ. ನೆಲದ ಮೇಲೆ ಏನೂ ಕಾಣದೇ ಇರಬಹುದು. ಗಾಯಗೊಂಡ ಕರಡಿ ಪೊದೆ ಸೇರಿದ್ದರೆ ಒಬ್ಬರೇ, ಅದರಲ್ಲೂ ಕತ್ತಲಲ್ಲಿ, ಹುಡುಕುತ್ತಾ ಹೋಗುವುದು ಪ್ರಾಣಕ್ಕೇ ಸಂಚಕಾರ.

ಮೇಲೆರಗುವ ಕರಡಿಯನ್ನು ಹಿಮ್ಮೆಟ್ಟಿಸಲು ಬಳಸುವ ಕರಡಿ ಸ್ಪ್ರೇ ಮೆಣಸಿನ ಖಾರದ ಸಾರದಿಂದ ಮಾಡಿದ್ದು. ಕೆಲವೇ ಮೀಟರ್ ಹೋಗುತ್ತದೆ; ಎದುರುಗಾಳಿ ಇದ್ದರೆ ಹಾರಿಸಿದವರ ಕಣ್ಣಿಗೇ ಬರುತ್ತದೆ. ಚೀಲದೊಳಗಿದ್ದರೆ ಇದ್ದೂ ಇಲ್ಲದಂತೆ, ಸೊಂಟದ ಪಟ್ಟಿಯಲ್ಲಿರಬೇಕು.

ಕಪ್ಪು ಕರಡಿಗೆ ಹಲವರು ಮರದ ಅಟ್ಟಣೆಯಲ್ಲಿ ಕಾಯುತ್ತಾರೆ. ಅದು ಚೆನ್ನಾಗಿ ಮರ ಹತ್ತುತ್ತದೆ, ಎತ್ತರವೊಂದೇ ರಕ್ಷಣೆಯಲ್ಲ. ಕರಡಿ ಏನೂ ಮಾಡದಿದ್ದರೂ ಅಟ್ಟಣೆಯಿಂದ ಬಿದ್ದು ಮೂಳೆ ಮುರಿಯಬಹುದು. ಹಾಗಾಗಿ ಮೈಗೆ ಸುರಕ್ಷತಾ ಪಟ್ಟಿ ಬೇಕೇ ಬೇಕು.

ಮಾಂಸವನ್ನೂ ಮರೆಯಬೇಡಿ. ಅದರಲ್ಲಿ ಟ್ರಿಕಿನೆಲ್ಲಾ ಎಂಬ ಪರಾವಲಂಬಿ ಹುಳು ಇರಬಹುದು. ಉತ್ತರದ ಶೀತ ಪ್ರದೇಶದ ಬಗೆ ಫ್ರೀಜರ್‌ನಲ್ಲಿಟ್ಟರೂ ಸಾಯದು. ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸಬೇಕು.