ಬೆಂಗಳೂರಿನ ಬೋರ್ ನೀರಿಗೆ ಮೇಲಿಂದ ಏನೇನು ಇಳೀತಿದೆ?

ಬೋರ್ ಕೊರೆಸೋವಾಗ ಎಲ್ರೂ ಕೇಳೋದು ಎಷ್ಟು ಅಡಿಗೆ ನೀರು ಬಿತ್ತು, ಎಷ್ಟು ಇಂಚು ಬಂತು ಅಂತ. ಆ ನೀರಿಗೆ ಏನು ಸೇರ್ತಿದೆ ಅಂತ ಕೇಳೋರು ತುಂಬಾ ಕಮ್ಮಿ.

1896ರಲ್ಲಿ ಹೆಸರಘಟ್ಟದ ನೀರು ಬರೋ ತನಕ ಊರು ಬದುಕಿದ್ದು ಕೆರೆ, ಸೇದೋ ಬಾವಿ ನಂಬ್ಕೊಂಡು, ನಲ್ಲಿ ಬಂದ್ಮೇಲೆ ಬಾವಿಗಳ ಕಡೆ ಗಮನ ಕಮ್ಮಿ ಆಯ್ತು, ಎಷ್ಟೋ ಬಾವಿಗೆ ಕಸ ತುಂಬಿ ಮುಚ್ಚಿದ್ರು. 1974ರಲ್ಲಿ ಕಾವೇರಿನೂ ಬಂತು, ಆದ್ರೆ ಊರು ಬೆಳೆದ ಸ್ಪೀಡಿಗೆ ಪೈಪ್ ಸಾಲ್ಲಿಲ್ಲ. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಲ್ಲಿ ವರ್ಷಗಟ್ಟಲೆ ಕಾವೇರಿನೂ ಇರ್ಲಿಲ್ಲ, ಯುಜಿಡಿ ಅಂದ್ರೆ ಒಳಚರಂಡಿನೂ ಇರ್ಲಿಲ್ಲ, ಒಂದೇ ಸೈಟಲ್ಲಿ ಮುಂದ್ಗಡೆ ಬೋರು, ಹಿಂದ್ಗಡೆ ಟಾಯ್ಲೆಟ್ ಪಿಟ್ಟು, ಪಕ್ಕದ ಸೈಟಲ್ಲೂ ಅದೇ ಕತೆ. ಪೀಣ್ಯದ ಕಡೆ ಇನ್ನೊಂದು ಥರ, ಅಲ್ಲಿ ಲೋಹಕ್ಕೆ ಲೇಪ ಹಾಕೋ ಪ್ಲೇಟಿಂಗ್ ಯೂನಿಟ್‌ಗಳ ಕ್ರೋಮಿಯಂ ಅನ್ನೋ ಲೋಹ ಅಂತರ್ಜಲಕ್ಕೇ ಇಳಿದಿದೆ.

ಯಾವ ಜಾಗದಲ್ಲಿ ಕೊಳೆ ಬೇಗ ಕೆಳಗಿಳಿಯುತ್ತೆ ಅಂತ ಮೊದಲೇ ಹೇಳೋಕೆ 1987ರಲ್ಲಿ ಅಮೆರಿಕದ ಪರಿಸರ ಇಲಾಖೆ ಡ್ರಾಸ್ಟಿಕ್ ಅನ್ನೋ ಲೆಕ್ಕ ತಂತು. ನೀರಿನ ಆಳ, ಎಷ್ಟು ಮಳೆ ನೀರು ಇಂಗುತ್ತೆ, ನೀರು ಹಿಡಿಯೋ ಬಂಡೆ, ಮಣ್ಣು, ಇಳಿಜಾರು, ನೀರಿನ ಮಟ್ಟದ ಮೇಲಿರೋ ಒಣ ಪದರ, ನೀರು ಹರಿಯೋ ವೇಗ, ಹೀಗೆ ಏಳಕ್ಕೂ ಮಾರ್ಕ್ಸ್ ಹಾಕ್ಬೇಕು, ಆಳಕ್ಕೂ ಒಣ ಪದರಕ್ಕೂ 5ರ ತೂಕ, ಇಳಿಜಾರಿಗೆ ಬರೀ 1. ಟೋಟಲ್ ಜಾಸ್ತಿ ಬಂದಷ್ಟೂ ಅಪಾಯ ಜಾಸ್ತಿ, ಜಾಗ ಜಾಗದ ಟೋಟಲ್ ಹಾಕಿ ಮ್ಯಾಪ್ ಮಾಡ್ತಾರೆ.

ನನಗೆ ಭಯ ಆಗೋದು ಇಲ್ಲೇ. ನೀರು ಸಾವಿರ ಅಡಿ ಕೆಳಗಿದೆ ಅಂದ್ರೆ ಆಳದ ಮಾರ್ಕ್ಸ್ ತೀರಾ ಕಮ್ಮಿ, ಮ್ಯಾಪಲ್ಲಿ ಸೇಫ್ ಅಂತ ಕಾಣುತ್ತೆ. ಆದ್ರೆ ನಮ್ಮದು ಗಟ್ಟಿ ಬಂಡೆ ನೆಲ, ನೀರು ಓಡಾಡೋದು ಬಿರುಕಲ್ಲಿ, ಕೇಸಿಂಗ್ ಪೈಪ್ ಇಳಿಸೋದು ಬಂಡೆ ಸಿಗೋ ತನಕ ಮಾತ್ರ, ಅದರ ಸುತ್ತ ಸರಿಯಾಗಿ ಸೀಲ್ ಮಾಡದಿದ್ರೆ ಮೇಲಿನ ಕೊಳೆ ಪೈಪ್ ಪಕ್ಕದಲ್ಲೇ ಜಾರಿ ನೇರ ಒಳಗೆ ಹೋಗುತ್ತೆ. ಬತ್ತಿದ ಬೋರಿಗೆ ಡ್ರೈನೇಜ್ ಬಿಟ್ರಂತೂ ಮಣ್ಣು ಸೋಸೋ ಮಾತೇ ಇಲ್ಲ. ಅದಕ್ಕೇ ಜನ ಇಷ್ಟು ಒತ್ತಾಗಿರೋ ಕಡೆ ಈ ಏಳರ ಜೊತೆ ಪಿಟ್ಟು, ಫ್ಯಾಕ್ಟರಿ, ಲೀಕ್ ಆಗೋ ಯುಜಿಡಿ, ಪಾಳು ಬೋರು ಎಲ್ಲಾನೂ ಸೇರಿಸಿ ಲೆಕ್ಕ ಹಾಕ್ಬೇಕು, ಆಮೇಲೆ ಬಂದ ಮ್ಯಾಪ್ ನಿಜಾನಾ ಅಂತ ನೀರಿನ ನೈಟ್ರೇಟ್ (ಟಾಯ್ಲೆಟ್ ಕೊಳೆಯಿಂದ ನೀರಿಗೆ ಸೇರೋ ರಾಸಾಯನಿಕ) ಟೆಸ್ಟ್ ಜೊತೆ ತಾಳೆ ನೋಡ್ಬೇಕು.

ಕುಡಿಯೋ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಕುದಿಸಿದ್ರೆ ಅದು ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಏರುತ್ತೆ. ನೈಟ್ರೇಟ್ ಜಾಸ್ತಿ ಆದ್ರೆ ಹಸುಗೂಸಿಗೇ ಹೆಚ್ಚು ಅಪಾಯ, ಹಾಗಾಗಿ ಪುಟ್ಟ ಮಗುವಿಗೆ ಬೋರ್ ನೀರು ಕಾಯಿಸಿ ಹಾಲಿನ ಪುಡಿ ಕಲಸೋ ಮನೆಯವರು ಮೊದಲು ಆ ನೀರನ್ನ ಲ್ಯಾಬಿಗೆ ಕೊಡಿ.