ಭಾರಿ ಶಂಟಿಂಗ್ ಉಗಿ ಇಂಜಿನ್ನಿನ ವಿನ್ಯಾಸ: ಎಳೆತ, ಹಿಡಿತ ಮತ್ತು ಉಗಿಯ ಲೆಕ್ಕ

ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿರುವ ಇಎಸ್ 506 ಇಂಜಿನ್ 4-6-2 ಜೋಡಣೆಯದು. ಮುಂದೆ ನಾಲ್ಕು ಸಣ್ಣ ಚಕ್ರಗಳು, ನಡುವೆ ಎಳೆಯುವ ಆರು ದೊಡ್ಡ ಚಕ್ರಗಳು, ಹಿಂದೆ ಮತ್ತೆರಡು ಸಣ್ಣ ಚಕ್ರಗಳು. ವೇಗವಾಗಿ ಓಡುವಾಗ ತಿರುವಿನಲ್ಲಿ ಇಂಜಿನ್ನಿಗೆ ದಾರಿ ತೋರಲು ಮುಂದಿನ ಚಕ್ರಗಳೂ, ಬೆಂಕಿಪೆಟ್ಟಿಗೆಯ ಭಾರ ಹೊರಲು ಹಿಂದಿನ ಚಕ್ರಗಳೂ ಬೇಕು. ಆದರೆ ಈ ಸಣ್ಣ ಚಕ್ರಗಳ ಮೇಲೆ ಕುಳಿತ ತೂಕ ಎಳೆಯುವ ಕೆಲಸಕ್ಕೆ ಒದಗುವುದಿಲ್ಲ. ಯಾರ್ಡಿನಲ್ಲಿ ವ್ಯಾಗನ್‌ಗಳನ್ನು ಜೋಡಿಸುವ, ಬಿಡಿಸುವ, ತಳ್ಳುವ ಕೆಲಸವೇ ಶಂಟಿಂಗ್. ಅದನ್ನು ಮಾಡುವ ಇಂಜಿನ್ನಿಗೆ ವೇಗ ಬೇಕಿಲ್ಲ. ನಿಂತ ಭಾರವನ್ನು ಅಲುಗಿಸುವ ಶಕ್ತಿ ಬೇಕು. ಆದ್ದರಿಂದ ಭಾರಿ ಶಂಟಿಂಗ್ ಇಂಜಿನ್‌ಗಳಲ್ಲಿ 0-8-0 ಜೋಡಣೆ ಹೆಚ್ಚು ಬಳಕೆಗೆ ಬಂತು: ಎಂಟು ಚಕ್ರಗಳು, ಎಂಟೂ ಎಳೆಯುವವೇ.

ಅಭ್ಯಾಸಕ್ಕೆ ಒಳ್ಳೆಯ ಮಾದರಿಯೆಂದರೆ, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರೈಲ್ವೆಗಳು ಸರ್ಕಾರದ ಆಡಳಿತದಲ್ಲಿದ್ದಾಗ, 1918ರಲ್ಲಿ ರೂಪುಗೊಂಡ ಪ್ರಮಾಣಿತ 0-8-0. ಅದರ ಚಕ್ರದ ವ್ಯಾಸ 51 ಅಂಗುಲ, ಸಿಲಿಂಡರಿನ ವ್ಯಾಸ 25 ಅಂಗುಲ, ಪಿಸ್ಟನ್ನಿನ ಓಟ (ಸಿಲಿಂಡರಿನಲ್ಲಿ ಅದು ಒಂದು ತುದಿಯಿಂದ ಇನ್ನೊಂದಕ್ಕೆ ಚಲಿಸುವ ದೂರ) 28 ಅಂಗುಲ, ಬಾಯ್ಲರಿನ ಒತ್ತಡ ಚದರ ಅಂಗುಲಕ್ಕೆ 175 ಪೌಂಡ್. ಸಿಲಿಂಡರಿನಲ್ಲಿ ಸಿಗುವ ಒತ್ತಡ ಬಾಯ್ಲರಿನದರ ಶೇ 85 ಎಂದು ಹಿಡಿದರೆ ಸೂತ್ರ ಹೀಗಿದೆ:

ಎಳೆತ ಬಲ = 0.85 × ಒತ್ತಡ × (ಸಿಲಿಂಡರ್ ವ್ಯಾಸ)² × ಓಟ ÷ ಚಕ್ರದ ವ್ಯಾಸ

ಲೆಕ್ಕ ಹಾಕಿದರೆ ಸುಮಾರು 51,000 ಪೌಂಡ್, ಅಂದರೆ 23,150 ಕಿಲೋ ಬಲ ಬರುತ್ತದೆ. ಚಕ್ರದ ವ್ಯಾಸ ಭಾಜಕದಲ್ಲಿರುವುದರಿಂದ ಚಕ್ರ ಚಿಕ್ಕದಾದಷ್ಟೂ ಎಳೆತ ಹೆಚ್ಚುತ್ತದೆ.

ಆದರೆ ಎಳೆತವನ್ನು ಹಳಿ ತಾಳಿಕೊಳ್ಳಬೇಕು. ಈ ಇಂಜಿನ್ನಿನ ತೂಕ 2,14,000 ಪೌಂಡ್, ಸುಮಾರು 97 ಟನ್. ತೂಕವನ್ನು ಎಳೆತದಿಂದ ಭಾಗಿಸಿದರೆ 4.2 ಸಿಗುತ್ತದೆ. ಇದು 4ಕ್ಕಿಂತ ಬಹಳ ಕಡಿಮೆಯಾದರೆ ಚಕ್ರ ಜಾರುತ್ತದೆ, ಬಹಳ ಹೆಚ್ಚಾದರೆ ತೂಕ ವ್ಯರ್ಥವಾಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಸಹಪಾಠಿಗಳು ಇದನ್ನು ಬಿಟ್ಟು ಮುಂದೆ ಹೋಗಬಾರದೆಂದು ನನ್ನ ಕೋರಿಕೆ. 23,150 ಕಿಲೋ ಎಂಬುದು ಸರಾಸರಿ ಮಾತ್ರ. ಇಂಜಿನ್ನಿಗೆ ಬದಿಗೊಂದರಂತೆ ಎರಡು ಸಿಲಿಂಡರ್. ಪಿಸ್ಟನ್ನಿನ ತಳ್ಳನ್ನು ಚಕ್ರದ ಸುತ್ತಾಗಿಸುವ ಎಡಬದಿಯ ಮತ್ತು ಬಲಬದಿಯ ಕ್ರ್ಯಾಂಕ್‌ಗಳು ಪರಸ್ಪರ 90 ಡಿಗ್ರಿ ಕೋನದಲ್ಲಿರುತ್ತವೆ. ಸಂಗ್ರಹಾಲಯದ ಇಂಜಿನ್ನಿನ ಎರಡೂ ಬದಿಗೆ ಹೋಗಿ ಕ್ರ್ಯಾಂಕ್ ಪಿನ್‌ಗಳ ಸ್ಥಾನವನ್ನು ಹೋಲಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಪಿಸ್ಟನ್ನಿನ ಬಲವನ್ನು ಕ್ರ್ಯಾಂಕ್ ಪಿನ್ನಿಗೆ ಮುಟ್ಟಿಸುವ ಕನೆಕ್ಟಿಂಗ್ ರಾಡಿನ ಓರೆಯನ್ನು ಬದಿಗಿಟ್ಟು, ಉಗಿ ಇಡೀ ಓಟದಲ್ಲೂ ಒಂದೇ ಒತ್ತಡದಿಂದ ತಳ್ಳುತ್ತದೆಂದು ಭಾವಿಸಿದರೆ, ಒಂದು ಸುತ್ತಿನೊಳಗೆ ಬಲವು ಸರಾಸರಿಗಿಂತ ಶೇ 11ರಷ್ಟು ಏರುತ್ತದೆ, ಶೇ 21ರಷ್ಟು ಇಳಿಯುತ್ತದೆ. ಚಕ್ರ ಜಾರುವುದು ಆ ಏರಿನ ಗಳಿಗೆಯಲ್ಲಿ. ಮೂರು ಸಿಲಿಂಡರ್‌ಗಳನ್ನು 120 ಡಿಗ್ರಿ ಅಂತರದಲ್ಲಿಟ್ಟರೆ ಏರು ಶೇ 5ಕ್ಕೂ ಇಳಿತ ಶೇ 9ಕ್ಕೂ ತಗ್ಗುತ್ತದೆ. ಇಂಗ್ಲೆಂಡಿನ ವಾತ್ ಯಾರ್ಡಿಗಾಗಿ 1907ರಲ್ಲಿ ಕಟ್ಟಿದ ನೀರನ್ನೂ ಕಲ್ಲಿದ್ದಲನ್ನೂ ತಾವೇ ಹೊರುವ 0-8-4 ಟ್ಯಾಂಕ್ ಇಂಜಿನ್‌ಗಳಿಗೆ ಮೂರು ಸಿಲಿಂಡರ್ ಇದ್ದುದರ ಪ್ರಯೋಜನ ಇದೇ. ಆಚೆ ಬದಿಗೆ ತಾವಾಗಿ ಉರುಳಲೆಂದು ಯಾರ್ಡಿನಲ್ಲಿ ಎತ್ತರಿಸಿದ ಹಳಿಯ ಉಬ್ಬಿನ ಮೇಲೆ ವ್ಯಾಗನ್‌ಗಳನ್ನು ನಿಧಾನವಾಗಿ, ಸಮನಾಗಿ ತಳ್ಳಬೇಕಾದಲ್ಲಿ ಬಲದ ಏರಿಳಿತ ಕಡಿಮೆಯಿರಬೇಕು.

ಮುಂದಿನದು ಉಗಿಯ ಲೆಕ್ಕ, ನನಗೆ ಅತ್ಯಂತ ಪ್ರಿಯವಾದ ಭಾಗ. ಮೇಲಿನ 0-8-0ರ ಒಂದು ಸಿಲಿಂಡರಿನ ಗಾತ್ರ ಸುಮಾರು 225 ಲೀಟರ್. ಪಿಸ್ಟನ್ನಿನ ಎರಡೂ ಬದಿಗೆ ಉಗಿ ಬರುವುದರಿಂದ, ಚಕ್ರದ ಒಂದು ಸುತ್ತಿಗೆ ನಾಲ್ಕು ಬಾರಿ ಸಿಲಿಂಡರ್ ತುಂಬಬೇಕು. ಓಟದ ಶೇ 85ರವರೆಗೂ ಉಗಿ ಬಿಟ್ಟರೆ ಒಂದು ಸುತ್ತಿಗೆ ಸುಮಾರು 5 ಕಿಲೋ ಉಗಿ ಖರ್ಚಾಗುತ್ತದೆ. ಗಂಟೆಗೆ 16 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 65 ಸುತ್ತು ತಿರುಗುತ್ತದೆ. ಹಾಗೆಯೇ ನಡೆಸಿದರೆ ಗಂಟೆಗೆ 20 ಟನ್ನಿನಷ್ಟು ಉಗಿ ಬೇಕು. ಈ ಗಾತ್ರದ ಬಾಯ್ಲರ್ ಇಷ್ಟನ್ನು ಎಡೆಬಿಡದೆ ಒದಗಿಸಲಾರದು, ಒದಗಿಸಬೇಕಾಗಿಯೂ ಇಲ್ಲ. ಶಂಟಿಂಗ್‌ನಲ್ಲಿ ಒಂದು ತಳ್ಳು ಕೆಲವೇ ನಿಮಿಷದ್ದು, ಆಮೇಲೆ ಬಿಡುವು. ಆ ಕೆಲವು ನಿಮಿಷಗಳಿಗೆ ಬಾಯ್ಲರಿನ ಬಿಸಿನೀರೇ ಉಗ್ರಾಣ. ಒತ್ತಡ ತುಸು ಇಳಿದೊಡನೆ ನೀರಿನ ಒಂದಂಶ ತಾನಾಗಿ ಉಗಿಯಾಗುತ್ತದೆ: 10 ಟನ್ ನೀರಿದ್ದರೆ, ಒತ್ತಡ ಚದರ ಸೆಂಟಿಮೀಟರಿಗೆ 1 ಕಿಲೋ ಇಳಿದಾಗ ಸುಮಾರು 80 ಕಿಲೋ ಉಗಿ, ಅಂದರೆ ಹದಿನಾರು ಸುತ್ತಿಗೆ ಸಾಲುವಷ್ಟು. ತಳ್ಳುವಾಗ, ಬಾಯ್ಲರಿಗೆ ನೀರು ಹಾಯಿಸುವ ಇಂಜೆಕ್ಟರ್ ನಿಲ್ಲಿಸಿದ್ದು ಬಿಡುವಿನಲ್ಲಿ ನೀರು ತುಂಬಿಕೊಂಡರೆ, ತಣ್ಣೀರು ಕಾಯಿಸುವ ಶಾಖವೂ ಆ ಹೊತ್ತಿಗೆ ಉಳಿಯುತ್ತದೆ.

ಬಾಯ್ಲರಿನಿಂದ ಬಂದ ಉಗಿಯನ್ನು ಮತ್ತಷ್ಟು ಕಾಯಿಸುವ ಸೂಪರ್‌ಹೀಟರ್ ಉಗಿಯನ್ನೂ ಕಲ್ಲಿದ್ದಲನ್ನೂ ಉಳಿಸುತ್ತದಾದರೂ ಶಂಟಿಂಗ್‌ಗೆ ಒಂದು ತೊಡಕು ತರುತ್ತದೆ. ಉಗಿಯ ಹರಿವನ್ನು ತೆರೆದು ಮುಚ್ಚುವ ರೆಗ್ಯುಲೇಟರ್ ಬಾಯ್ಲರಿನ ಮೇಲಿನ ಗುಮ್ಮಟದಲ್ಲಿ (ಡೋಮ್) ಇದ್ದರೆ, ಚಾಲಕ ಅದನ್ನು ಮುಚ್ಚಿದ ಮೇಲೂ ಸೂಪರ್‌ಹೀಟರ್ ಕೊಳವೆಗಳಲ್ಲಿ ಉಳಿದ ಉಗಿ ಸಿಲಿಂಡರಿಗೆ ಹರಿಯುತ್ತಲೇ ಇರುತ್ತದೆ, ಇಂಜಿನ್ ಬಯಸಿದ ಜಾಗದಲ್ಲಿ ನಿಲ್ಲುವುದಿಲ್ಲ. ರೆಗ್ಯುಲೇಟರನ್ನು ಸೂಪರ್‌ಹೀಟರಿನ ಆಚೆ, ಸಿಲಿಂಡರಿನ ಹತ್ತಿರ ಇಡುವುದು ಇದಕ್ಕೆ ಪರಿಹಾರ.

ಉಳಿದ ಅಂಗಗಳು ಸುಲಭವಾಗಿ ಅರ್ಥವಾಗುತ್ತವೆ. ಪದೇ ಪದೇ ದಿಕ್ಕು ಬದಲಿಸಬೇಕಾದ್ದರಿಂದ ಯಂತ್ರಬಲದ ರಿವರ್ಸರ್, ಹಿಂದೆ ನೋಡಲು ಇಳಿಜಾರು ಬೆನ್ನಿನ ಟೆಂಡರ್ (ನೀರು, ಕಲ್ಲಿದ್ದಲು ಹೊರುವ ಹಿಂಬಂಡಿ), ಚಕ್ರ ಜಾರದಂತೆ ಹಿಂದಕ್ಕೂ ಮುಂದಕ್ಕೂ ಮರಳು ಸುರಿಸುವ ಕೊಳವೆಗಳು, ಶಂಟಿಂಗ್ ಸಿಬ್ಬಂದಿ ನಿಲ್ಲಲು ಮೆಟ್ಟಿಲು ಹಲಗೆ.

ಕೆಲಸ ಯಾರ್ಡನ್ನು ದಾಟಿ, ಬಿಡುವಿಲ್ಲದೆ ದೂರ ಎಳೆಯುವುದಾದಾಗ ಬಿಸಿನೀರಿನ ಉಗ್ರಾಣ ಸಾಲದು, ದೊಡ್ಡ ಬೆಂಕಿಪೆಟ್ಟಿಗೆ ಬೇಕಾಗುತ್ತದೆ. ಪಿಟ್ಸ್‌ಬರ್ಗ್ ಪ್ರದೇಶದ ಯೂನಿಯನ್ ರೈಲ್‌ರೋಡ್‌ಗೆ 1936ರಲ್ಲಿ ಬಾಲ್ಡ್‌ವಿನ್ ಕಂಪನಿ ಕಟ್ಟಿಕೊಟ್ಟ 0-10-2 ಇಂಜಿನ್‌ಗಳಲ್ಲಿ ಎಳೆಯುವ ಚಕ್ರ 61 ಅಂಗುಲಕ್ಕೆ ಬೆಳೆಯಿತು. ಒತ್ತಡವನ್ನು 260 ಪೌಂಡಿಗೆ, ಸಿಲಿಂಡರನ್ನು 28 ಅಂಗುಲಕ್ಕೆ, ಓಟವನ್ನು 32 ಅಂಗುಲಕ್ಕೆ ಏರಿಸಿದ್ದರಿಂದ ಎಳೆತ 90,900 ಪೌಂಡ್ ತಲುಪಿತು; ಬೆಂಕಿಪೆಟ್ಟಿಗೆ ಹೊರಲು, 0-8-0 ಕೈಬಿಟ್ಟಿದ್ದ ಹಿಂದಿನ ಸಣ್ಣ ಚಕ್ರಗಳನ್ನು ಮತ್ತೆ ಜೋಡಿಸಬೇಕಾಯಿತು.